ಮೊದಲು ಸಂದಿ ಮುಚ್ಚಿ

ನೀವು ಸಂಗೀತ ಕೇಳುವ ಕೋಣೆಯಲ್ಲಿ ಸದ್ದು ಅಳೆಯುವ ಫೋನ್ ಆ್ಯಪ್ ತೋರಿಸುವ 46 ಡೆಸಿಬೆಲ್ ಅನ್ನು ಪೂರ್ತಿ ನಂಬಬೇಡಿ. ಫೋನಿನ ಮೈಕು ಮಾತಿಗೆಂದು ಮಾಡಿದ್ದು. ಸದ್ದು ತೀರಾ ಕಡಿಮೆಯಿದ್ದಾಗ ತನ್ನದೇ ಗೊರಗೊರವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಆದರೂ ಫ್ಯಾನ್ ಹಾಕಿದಾಗ, ಆರಿಸಿದಾಗ ಎಷ್ಟು ವ್ಯತ್ಯಾಸ ಎಂಬುದು ಅದರಿಂದ ತಿಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ.

ನಿಮ್ಮ ಕೋಣೆ 30ರ ಆಸುಪಾಸಿಗೆ ಬಂದರೆ ಸಾಕು. ಗದ್ದಲದಲ್ಲಿ ಮೊದಲು ಮುಳುಗುವುದು ವೀಣೆಯ ಮೀಟು ಕ್ಷೀಣಿಸುವ ಕೊನೆಯ ಎಳೆ, ಆಲಾಪದ ಹಿಂದಿನ ತಂಬೂರಿ. ವಾಲ್ಯೂಮ್ ಏರಿಸಿದರೆ ಅವು ಕೇಳಿಸುತ್ತವೆ ನಿಜ. ಆದರೆ ಮೃದಂಗದ ತನಿ ಆವರ್ತನ ಶುರುವಾದಾಗ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ!

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಯೋಚನೆ ದಯವಿಟ್ಟು ಬಿಡಿ. ಫೋಮ್ ಕೂಡ ಒಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು ರಸ್ತೆಯ ಸದ್ದನ್ನು ತಡೆಯುವುದಿಲ್ಲ. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಕಿಟಕಿಯ ಸಂದಿಗೆ, ಬಾಗಿಲ ತಳಕ್ಕೆ ರಬ್ಬರ್ ಪಟ್ಟಿ ಹಾಕಿಸಿ. ಜೋಡಿ ಗಾಜಿನ ಕಿಟಕಿಯ ಖರ್ಚು ಆಮೇಲೆ ನೋಡೋಣ. ಕೋಣೆಯಲ್ಲಿ ಸದ್ದು ಮಾಡುವ ಯುಪಿಎಸ್ ಇದ್ದರೆ ಅದನ್ನು ಪಕ್ಕದ ಕೋಣೆಗೆ ಸಾಗಿಸಿ. ಬೇಸಿಗೆಯಲ್ಲಿ ಫ್ಯಾನ್ ಬೇಕೇ ಬೇಕೆಂದರೆ ನಿಧಾನ ವೇಗದಲ್ಲಿಡಿ. ಆಗಲೂ ಗುಂಯ್‌ಗುಟ್ಟಿದರೆ ಎಲೆಕ್ಟ್ರಿಷಿಯನ್ ಕರೆಸಿ ರೆಗ್ಯುಲೇಟರ್ ಬದಲಿಸಿ ನೋಡಿ.