ಪುನರ್ಜನ್ಮ: ಕಾವ್ಯದಲ್ಲಿ, ಬಯಲಾಟದಲ್ಲಿ, ಬೆಳ್ಳಿತೆರೆಯಲ್ಲಿ

“ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದೆವೋ!” ಪರೀಕ್ಷೆಯ ಫಲಿತಾಂಶದ ದಿನ ನಮ್ಮಲ್ಲಿ ಹಲವರ ಬಾಯಿಂದ ಹೊರಡುವ ಮಾತಿದು. ಆದರೆ ಆ ಹೋದ ಜನ್ಮ ನಮಗೇಕೆ ನೆನಪಿಲ್ಲ? ನೆನಪಿಲ್ಲದ ತಪ್ಪಿಗೆ ಶಿಕ್ಷೆ ನ್ಯಾಯವೇ? ಈ ಪ್ರಶ್ನೆಯನ್ನು ಹಿಡಿದೇ ವಿಷಯವನ್ನು ಕೊಂಚ ವಿಚಾರಿಸೋಣ.

ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ತನಗೂ ಅರ್ಜುನನಿಗೂ ಅನೇಕ ಜನ್ಮಗಳು ಕಳೆದಿವೆಯೆಂದೂ, ತಾನು ಅವನ್ನೆಲ್ಲ ಬಲ್ಲೆನೆಂದೂ, ಅರ್ಜುನನು ಅರಿಯನೆಂದೂ ಹೇಳುತ್ತಾನೆ. ಅಂದರೆ ಮರೆವೇ ಸಾಮಾನ್ಯ ನಿಯಮ. ಬೌದ್ಧರು ಶಾಶ್ವತವಾದ ಆತ್ಮವನ್ನೇ ಒಪ್ಪುವುದಿಲ್ಲ. ಆದರೂ ಒಂದು ದೀಪದಿಂದ ಇನ್ನೊಂದು ದೀಪ ಹತ್ತಿಕೊಳ್ಳುವಂತೆ ಜನ್ಮವು ಮುಂದುವರಿಯುತ್ತದೆ ಎನ್ನುತ್ತಾರೆ.

ಜೈನರು ಹಿಂದಿನ ಜನ್ಮದ ನೆನಪನ್ನು ‘ಜಾತಿಸ್ಮರಣೆ’ ಎಂದು ಕರೆದರು. ಇದಕ್ಕೆ ಕನ್ನಡದಲ್ಲಿ ಜನ್ನನ ‘ಯಶೋಧರ ಚರಿತೆ’ಗಿಂತ (ಕ್ರಿ.ಶ. 1209) ಮಿಗಿಲಾದ ಉದಾಹರಣೆ ಬೇಕಿಲ್ಲ. ಯಶೋಧರ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ಚಂಡಿಕೆಗೆ ಬಲಿ ಕೊಡಲು ಒಪ್ಪುತ್ತಾನೆ. ಜೀವಹಿಂಸೆ ಆಗಬಾರದೆಂದು ಹಿಟ್ಟಿನ ಕೋಳಿಯನ್ನು ಮಾಡಿಸುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಕೊಂದದ್ದು ಹಿಟ್ಟನ್ನೇ ಆದರೂ, ಕೊಲ್ಲುವ ಸಂಕಲ್ಪ ನಿಜವಾಗಿತ್ತಲ್ಲ. ಮುಂದೆ ರಾಣಿ ಅಮೃತಮತಿ ಇಟ್ಟ ವಿಷದಿಂದ ತಾಯಿ ಮಗ ಇಬ್ಬರೂ ಸತ್ತು, ಮಗನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಹೀಗೆ ಪ್ರಾಣಿಜನ್ಮಗಳನ್ನು ದಾಟುತ್ತ ಕೊನೆಗೆ ಕೋಳಿಗಳಾಗುತ್ತಾರೆ. ಮುನಿಯ ಮಾತು ಕಿವಿಗೆ ಬಿದ್ದು, ಹಿಂದಿನದೆಲ್ಲ ನೆನಪಾಗಿ, ಸಂತೋಷದಿಂದ ಕೂಗುತ್ತವೆ. ಆ ಕೂಗನ್ನೇ ಗುರಿಯಾಗಿಸಿ ಬಾಣ ಬಿಟ್ಟವನು ಯಾರು? ಯಶೋಧರನ ಸ್ವಂತ ಮಗ ಯಶೋಮತಿ! ಸತ್ತ ಕೋಳಿಗಳು ಅವನಿಗೇ ಅವಳಿ ಮಕ್ಕಳಾಗಿ ಹುಟ್ಟುತ್ತವೆ. ತಂದೆಯೇ ಮಗನಿಗೆ ಮಗನಾದ. ಈ ಕಥೆ ಓದಿದ ದಿನ ನಮ್ಮ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ಕಾಸರಗೋಡಿನ ಕಡೆ ಆಟ ನೋಡಿ ಬೆಳೆದವರಿಗೆ ‘ಭೀಷ್ಮವಿಜಯ’ ಹೊಸತಲ್ಲ. ಅಂಬೆ ಬೆಂಕಿಗೆ ಹಾರುವಾಗ ಅವಳ ಕಣ್ಣೆಲ್ಲ ಮುಂದಿನ ಜನ್ಮದ ಮೇಲೆ. ಶಿಖಂಡಿಯಾಗಿ ಹುಟ್ಟಿದ ಮೇಲೂ ಸೇಡು ನೆನಪಿರಬೇಕೆಂಬುದಕ್ಕೆ ಶಿವನ ವರವೇ ಬೇಕಾಯಿತು.

ಸಿನೆಮಾದವರಿಗೆ ವರವೂ ಬೇಡ, ತಪಸ್ಸೂ ಬೇಡ. ಬಿಮಲ್ ರಾಯ್ ಅವರ ‘ಮಧುಮತಿ’ಯಲ್ಲಿ (1958) ಮಳೆಯ ರಾತ್ರಿ, ಒಂದು ಹಳೆಯ ಬಂಗಲೆ, ತಾನೇ ಹಿಂದೆ ಬರೆದ ಚಿತ್ರಪಟ ಇಷ್ಟೇ ಸಾಕಾಯಿತು. ‘ಕರ್ಜ್’ (1980) ಚಿತ್ರದಲ್ಲಿ ಗಿಟಾರಿನ ಒಂದು ರಾಗವೇ ಹಳೆಯ ಕೊಲೆಯನ್ನು ನೆನಪಿಸುತ್ತದೆ. ಅದೇ ಕಥೆ 1989ರಲ್ಲಿ ‘ಯುಗಪುರುಷ’ವಾಗಿ ಕನ್ನಡಕ್ಕೂ ಬಂತು. ಇಲ್ಲೆಲ್ಲ ನಾಯಕನು ಮನುಷ್ಯನಾಗಿಯೇ, ಅದೂ ಸುಂದರನಾಗಿಯೇ ಹುಟ್ಟುತ್ತಾನೆ; ನವಿಲು, ನಾಯಿಗಳ ಗೊಡವೆಯಿಲ್ಲ! ಜನ್ನನಿಗೆ ಪುನರ್ಜನ್ಮ ತಪ್ಪಿಸಿಕೊಳ್ಳಬೇಕಾದ ಬಂಧನ. ಸಿನೆಮಾಕ್ಕೆ ಅದು ಇನ್ನೊಂದು ಅವಕಾಶ.

ಇನ್ನು ಮೊದಲಿನ ಪ್ರಶ್ನೆ. ಕುಂಟುವ ಗೆಳೆಯನನ್ನೋ ಹಸಿದವನನ್ನೋ ಕಂಡು “ಅವನ ಪೂರ್ವಜನ್ಮದ ಫಲ” ಎಂದು ಹೇಳಿ ಮುಂದೆ ಹೋಗುವವರುಂಟು. ಇದು ನಮಗೆ ಒಪ್ಪಿಗೆಯಿಲ್ಲ. ಜನ್ನನ ಕಥೆಯನ್ನೇ ನೋಡಿರಿ: ಆ ಅವಳಿ ಮಕ್ಕಳು ಮಾರಿಗುಡಿಯಲ್ಲಿ ಬಲಿಯಾಗಲು ನಿಂತಾಗ ತಮ್ಮ ಜನ್ಮಗಳ ಕಥೆ ಹೇಳುತ್ತಾರೆ. ಅದನ್ನು ಕೇಳಿದ ರಾಜ ಮಾರಿದತ್ತನು “ಇದು ಇವರ ಕರ್ಮ” ಎನ್ನಲಿಲ್ಲ. ಎತ್ತಿದ ಕತ್ತಿಯನ್ನು ಕೆಳಗಿಟ್ಟನು.