ಬೇಲ್ ಚೀಟಿಯಿಂದ ಎಕ್ಸ್‌ಬಿಆರ್‌ಎಲ್‌ವರೆಗೆ: ಪ್ರಥಮ ಪಿಯುಸಿಯ ಒಂದು ಪಾಠ

ಬೋಧನಾಭ್ಯಾಸಕ್ಕಾಗಿ ನನಗೆ ಸಿಕ್ಕಿದ್ದು ಹುಣಸೂರಿನ ಒಂದು ಪದವಿಪೂರ್ವ ಕಾಲೇಜಿನ ಪ್ರಥಮ ಪಿಯುಸಿ ವಾಣಿಜ್ಯ ತರಗತಿ. ಲೆಕ್ಕಶಾಸ್ತ್ರದಲ್ಲಿ ಕಂಪ್ಯೂಟರ್ ಬಳಕೆಯ ಪಾಠ ಮುಗಿದ ಮೇಲೆ ಅದರ ಮುಂದುವರಿಕೆಯಾಗಿ ಎಕ್ಸ್‌ಬಿಆರ್‌ಎಲ್ ಎಂಬ ವಿಷಯವನ್ನು ಆರಿಸಿಕೊಂಡೆ. ಕಂಪನಿಗಳು ತಮ್ಮ ಹಣಕಾಸು ವರದಿಯನ್ನು ಯಾವ ಕಂಪ್ಯೂಟರಾದರೂ ಓದಿ ಅರ್ಥಮಾಡಿಕೊಳ್ಳುವಂತೆ ಬರೆಯುವ ಒಂದು ಮಾನಕ ಭಾಷೆ ಇದು. ಈ ವಾಕ್ಯವನ್ನೇ ಮೊದಲು ಹಲಗೆಯ ಮೇಲೆ ಬರೆದರೆ ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು ಪೆನ್ನು ಮುಚ್ಚುತ್ತಾರೆ. ಆದ್ದರಿಂದ ವ್ಯಾಖ್ಯೆಯನ್ನು ಪಾಠದ ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಂಡೆ.

ತರಗತಿಯಲ್ಲಿ ಹುಣಸೂರಿನವರ ಜೊತೆಗೆ ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಮಕ್ಕಳೂ ಇದ್ದರು. ಪೂರ್ವಜ್ಞಾನ ಪರೀಕ್ಷೆಗೆ ಹಲಗೆಯ ಮೇಲೆ ಮೂರೇ ಅಂಕಿ ಬರೆದೆ: 250, 1,800, 2,300. “ಇವು ಧಾರಣೆಗಳು. ಯಾವುದು ಹೆಚ್ಚು?” ಒಬ್ಬ ಹುಡುಗ ತಕ್ಷಣ 2,300 ಎಂದ. ಹಿಂದಿನ ಬೆಂಚಿನಿಂದ “ಯಾವುದರ ಧಾರಣೆ ಮೇಡಂ?” ಎಂಬ ಪ್ರಶ್ನೆ ಬಂತು. ಹೊಗೆಸೊಪ್ಪು, ಶುಂಠಿ, ಭತ್ತ ಎಂದು ಎದುರಿಗೆ ಬರೆದೆ. ಉಳಿದದ್ದನ್ನು ಅವರೇ ತುಂಬಿದರು. ಹೊಗೆಸೊಪ್ಪು ಕೆ.ಜಿ. ಲೆಕ್ಕ, ಶುಂಠಿ 60 ಕೆ.ಜಿ. ಚೀಲದ ಲೆಕ್ಕ, ಭತ್ತ ಕ್ವಿಂಟಲ್ ಲೆಕ್ಕ. ಅಂಕಿಗಳು ಉದಾಹರಣೆಗಾಗಿ ನಾನೇ ಬರೆದವು, ಆ ದಿನದ ಮಾರುಕಟ್ಟೆಯವಲ್ಲ. ಆದರೂ “ಈ ವರ್ಷದ್ದಾ, ಹೋದ ವರ್ಷದ್ದಾ?” ಎಂದು ಪಿರಿಯಾಪಟ್ಟಣದ ಹುಡುಗಿಯೊಬ್ಬಳು ಕೇಳಿದಳು. ಅಂಕಿಗೆ ಹೆಸರು, ಅಳತೆ, ಕಾಲ ಮೂರೂ ಬೇಕು ಎಂಬುದು ನಾನು ಹೇಳುವ ಮೊದಲೇ ಹಲಗೆಯ ಮೇಲಿತ್ತು.

ಅಲ್ಲಿಂದ ಹರಾಜು ಮಾರುಕಟ್ಟೆಗೆ ಹೋಗುವುದು ಸುಲಭ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಿಂದ ನಡೆಯುತ್ತಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳನ್ನು ಈ ಮಕ್ಕಳು ಅಪ್ಪನ ಜೊತೆ ನಿಂತು ನೋಡಿದ್ದಾರೆ. ಬ್ಯಾರನ್‌ನಲ್ಲಿ ಬೇಯಿಸಿದ ಸೊಪ್ಪು ಬೇಲ್ ಆಗಿ ಸಾಲಿನಲ್ಲಿ ಕುಳಿತಾಗ ಎಲ್ಲ ಬೇಲ್‌ಗಳೂ ಒಂದೇ ಥರ ಕಾಣುತ್ತವೆ. ಯಾರ ಬೇಲ್, ಎಷ್ಟು ತೂಕ, ಯಾವ ದರ್ಜೆ ಎಂದು ಹೇಳುವುದು ಅದರ ಚೀಟಿ. “ಚೀಟಿ ಬಿದ್ದುಹೋದರೆ?” ಎಂದು ಕೇಳಿದೆ. “ಸೊಪ್ಪು ಇರ್ತದೆ ಮೇಡಂ, ದುಡ್ಡು ಯಾರಿಗೆ ಅಂತ ಗೊತ್ತಾಗಲ್ಲ” ಎಂದ ಒಬ್ಬ. ಪಾಠ ಯೋಜನೆಯಲ್ಲಿ ಇದಕ್ಕಿಂತ ಚೆನ್ನಾದ ಉತ್ತರ ಬರೆದುಕೊಂಡಿರಲಿಲ್ಲ.

ಎಕ್ಸ್‌ಬಿಆರ್‌ಎಲ್ ಮಾಡುವುದೂ ಇದನ್ನೇ. ಕಾಗದದ ಅಥವಾ ಪಿಡಿಎಫ್ ಆಢಾವೆ ಪತ್ರಿಕೆಯಲ್ಲಿ 5,00,00,000 ಎಂಬುದು ಕಂಪ್ಯೂಟರಿಗೆ ಬರಿಯ ಅಕ್ಷರಗಳ ಸಾಲು. ಎಕ್ಸ್‌ಬಿಆರ್‌ಎಲ್‌ನಲ್ಲಿ ಆ ಅಂಕಿಗೆ ಚೀಟಿ ಅಂಟುತ್ತದೆ: ಪಾವತಿಯಾದ ಷೇರು ಬಂಡವಾಳ, ಇಂಥ ಕಂಪನಿಯದು, 31 ಮಾರ್ಚ್ 2024ರಂದು ಇದ್ದದ್ದು, ಭಾರತೀಯ ರೂಪಾಯಿಯಲ್ಲಿ, ಇಷ್ಟು ನಿಖರತೆಯಲ್ಲಿ. ಹೀಗೆ ಮಾಡಬಹುದೆಂದು 1998ರಲ್ಲಿ ಹೊರಟವರು ಅಮೆರಿಕದ ಟಕೋಮಾ ನಗರದ ಲೆಕ್ಕಿಗ ಚಾರ್ಲ್ಸ್ ಹಾಫ್‌ಮನ್. ಅವರು ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಲೆಕ್ಕಿಗ ಎಂಬುದನ್ನು ವಾಣಿಜ್ಯದ ಮಕ್ಕಳಿಗೆ ಒತ್ತಿ ಹೇಳಬೇಕೆನಿಸಿತು, ಹೇಳಿದೆ.

ಪಾಠದ ನಡುಭಾಗ ಗುಂಪು ಚಟುವಟಿಕೆ. ತಾಲ್ಲೂಕಿಗೊಂದರಂತೆ ನಾಲ್ಕು ಗುಂಪು ಮಾಡಿ ಒಂದೇ ಸಂಗತಿ ಕೊಟ್ಟೆ: “ಅಂಗಡಿಯವನು ಗೊಬ್ಬರವನ್ನು ಕಡ ಕೊಟ್ಟಿದ್ದಾನೆ, ಗಿರಾಕಿಗಳಿಂದ 40,000 ಬರಬೇಕು. ಈ ಮೊತ್ತಕ್ಕೆ ಹೆಸರು ಬರೆಯಿರಿ.” ಒಂದು ಗುಂಪು ಪಠ್ಯದಂತೆ ‘ಋಣಿಗಳು’ ಎಂದಿತು. ಇನ್ನೊಂದು ‘ಬರಬೇಕಾದ ಬಾಕಿ’, ಮತ್ತೊಂದು ‘ಗಿರಾಕಿ ಕಡ’. ಎಚ್.ಡಿ.ಕೋಟೆ ಗುಂಪು ‘ಸಾಲಗಾರರು’ ಎಂದು ಬರೆದಿತ್ತು. ಮುಂದಿನ ಪ್ರಶ್ನೆ: ಅದೇ ಅಂಗಡಿಯವನು ಸಗಟು ವ್ಯಾಪಾರಿಗೆ 40,000 ಕೊಡಬೇಕು, ಅದರ ಹೆಸರೇನು? ಕೆ.ಆರ್.ನಗರದ ಗುಂಪಿನಿಂದ ಬಂದದ್ದೂ ‘ಸಾಲಗಾರರು’!

ತರಗತಿ ಎರಡಾಯಿತು. ಸಾಲ ಪಡೆದವನೇ ಸಾಲಗಾರ ಎಂದು ಒಂದು ಕಡೆ. “ಮನೆ ಮುಂದೆ ಸಾಲಗಾರರು ಬಂದು ಕೂತಿದ್ದಾರೆ ಅಂತೀವಲ್ಲ, ಅವರು ಕೊಟ್ಟವರು ತಾನೆ?” ಎಂದು ಇನ್ನೊಂದು ಕಡೆ. ಇಬ್ಬರೂ ಆಡುಮಾತಿನಲ್ಲಿ ಸರಿ. ನಮ್ಮ ಭಾಷೆ ಈ ಪದವನ್ನು ಎರಡೂ ದಿಕ್ಕಿಗೆ ಬಳಸುತ್ತದೆ, ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಸೌಲಭ್ಯವಿಲ್ಲ. ಆಢಾವೆ ಪತ್ರಿಕೆಯಲ್ಲಾದರೆ ಒಂದು ಆಸ್ತಿ, ಇನ್ನೊಂದು ಹೊಣೆ. ಎಕ್ಸ್‌ಬಿಆರ್‌ಎಲ್‌ನ ಬೆನ್ನೆಲುಬಾದ ಪದಕೋಶವನ್ನು ಈ ಜಾಗದಲ್ಲಿ ಪರಿಚಯಿಸಿದೆ. ಅದರಲ್ಲಿ ಪ್ರತಿ ಪರಿಕಲ್ಪನೆಗೆ ಒಂದೇ ಗುರುತು; ಹಣದ ಬಾಬ್ತಾದರೆ ಅದು ಖರ್ಚಿನ ಶಿಲ್ಕೋ ಜಮೆಯ ಶಿಲ್ಕೋ ಎಂದೂ ನಮೂದಿಸಬಹುದು. ಓದುವವರಿಗೆ ಕಾಣುವ ಹೆಸರು ಮಾತ್ರ ಕನ್ನಡವೂ ಸೇರಿ ಎಷ್ಟು ಭಾಷೆಗಳಲ್ಲಾದರೂ ಇರಬಹುದು. ಗುರುತು ಬದಲಾಗದೆ ಹೆಸರು ಬದಲಾಗಬಹುದು ಎಂಬ ಈ ಅಂಶವೇ ಇಡೀ ಪಾಠದ ತಿರುಳೆಂದು ನನ್ನ ಅಭಿಪ್ರಾಯ. ಹೀಗಾಗಿ ಯೋಜನೆಯಲ್ಲಿ ಎಂಟು ನಿಮಿಷವಿದ್ದ ಚಟುವಟಿಕೆಯನ್ನು ಹದಿನೈದು ನಿಮಿಷ ನಡೆಯಲು ಬಿಟ್ಟೆ.

ಕಾಲದ ವಿಷಯ ಬೇಗ ಮುಗಿಯಿತು. ಆಢಾವೆ ಪತ್ರಿಕೆಯ ಅಂಕಿಗೆ ಒಂದು ದಿನಾಂಕ, ಲಾಭ-ನಷ್ಟದ ಅಂಕಿಗೆ ಒಂದು ಅವಧಿ. ಕೆರೆಯಲ್ಲಿ ಇವತ್ತು ಇರುವ ನೀರು ಬೇರೆ, ಮಳೆಗಾಲದಲ್ಲಿ ಹರಿದುಬಂದ ನೀರು ಬೇರೆ ಎಂದರೆ ಸಾಕಾಯಿತು.

ಭಾರತದಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಇದನ್ನು 2010-11ರ ಲೆಕ್ಕದಿಂದ ಕಡ್ಡಾಯಗೊಳಿಸಿತು. ಷೇರುಪೇಟೆಯಲ್ಲಿರುವ ಕಂಪನಿಗಳು, ಅವುಗಳ ಭಾರತೀಯ ಅಧೀನ ಕಂಪನಿಗಳು, ಪಾವತಿಯಾದ ಬಂಡವಾಳ 5 ಕೋಟಿ ಅಥವಾ ವಹಿವಾಟು 100 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಇದರಡಿ ಬಂದವು. ಬ್ಯಾಂಕು, ವಿಮೆಯಂಥವಕ್ಕೆ ವಿನಾಯಿತಿ ಇತ್ತು. ಚೀಟಿಯ ‘ಯಾರದು’ ಎಂಬ ಕಲಂಗೆ ಕಂಪನಿಯ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಹೋಗುತ್ತದೆ. ಅದರಲ್ಲಿ ರಾಜ್ಯದ ಎರಡಕ್ಷರ, ನೋಂದಣಿಯಾದ ವರ್ಷ ಇವನ್ನು ಹುಡುಕಿ ತೆಗೆಯುವ ಆಟ ಮಕ್ಕಳಿಗೆ ಹಿಡಿಸಿತು.

ಆಗ ಎಚ್.ಡಿ.ಕೋಟೆ ಕಡೆಯ ಹುಡುಗಿ ಕೇಳಿದಳು: “ನಮ್ಮೂರಿನ ಸೊಸೈಟಿ ಲೆಕ್ಕಕ್ಕೂ ಈ ಚೀಟಿ ಇದೆಯಾ ಮೇಡಂ? ಸಭೆಯಲ್ಲಿ ಗಡಗಡ ಅಂತ ಓದಿಬಿಡ್ತಾರೆ. ಅಪ್ಪನಿಗೆ ಒಂದೂ ಗೊತ್ತಾಗಲ್ಲ.” ಇಲ್ಲ ಎಂಬುದೇ ಉತ್ತರ. ಸಹಕಾರ ಸಂಘ ಕಂಪನಿಯಲ್ಲ. ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ಬರುತ್ತದೆ. ಆದರೆ ಅದೇ ದಿಕ್ಕಿನ ಕೆಲಸ ಅಲ್ಲೂ ಶುರುವಾಗಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶ, ಒಂದೇ ಲೆಕ್ಕಪದ್ಧತಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ಎಕ್ಸ್‌ಬಿಆರ್‌ಎಲ್ ಅಲ್ಲ ಎಂದು ಸ್ಪಷ್ಟಪಡಿಸಿದೆ. ಎರಡರ ಹಿಂದಿನ ಯೋಚನೆ ಒಂದೇ: ಒಂದು ಬಾಬ್ತಿಗೆ ಎಲ್ಲ ಕಡೆ ಒಂದೇ ಹೆಸರು.

ಹೊಗೆಸೊಪ್ಪಿನ ಹುಡುಗ ಬಿಡಲಿಲ್ಲ. “ಬೇಲ್ ಒಳಗೆ ಹಸಿ ಸೊಪ್ಪು ತುಂಬಿ ಚೀಟಿ ಸರಿಯಾಗಿ ಹಾಕಿದ್ರೆ?” ತರಗತಿ ನಕ್ಕಿತು, ಪ್ರಶ್ನೆ ನಗುವಂಥದ್ದಲ್ಲ. ಕೂಡಿಸಿದ್ದು ತಾಳೆಯಾಗುತ್ತದೆಯೇ, ಇರಬೇಕಾದ ಬಾಬ್ತು ಬಿಟ್ಟುಹೋಗಿದೆಯೇ ಎಂದು ತಂತ್ರಾಂಶ ಪರೀಕ್ಷಿಸಬಲ್ಲದು. ಗೋದಾಮಿನಲ್ಲಿ ಸರಕು ನಿಜವಾಗಿ ಇದೆಯೇ ಎಂದು ನೋಡಲು ಬೇಲ್ ಬಿಚ್ಚುವವರೇ ಬೇಕು, ಅಂದರೆ ಲೆಕ್ಕಪರಿಶೋಧಕರು. ಜೊತೆಗೆ ಇನ್ನೊಂದು ಮಾತು ಸೇರಿಸಿದೆ. ನಮ್ಮ ಸಚಿವಾಲಯದ ಪದಕೋಶಕ್ಕೆ ಕಂಪನಿ ತನ್ನದೇ ಹೊಸ ಹೆಸರು ಸೇರಿಸುವಂತಿಲ್ಲ. ಯಾವ ಹೆಸರಿಗೂ ಹೊಂದದ್ದು ‘ಇತರೆ’ಗೆ ಹೋಗುತ್ತದೆ, ವಿವರಣೆ ಕೆಳಗೆ ಕೊಡಬೇಕು. ‘ಇತರೆ’ ದೊಡ್ಡದಾದಷ್ಟೂ ಆ ವಿವರಣೆಯನ್ನು ಬಿಡದೆ ಓದಬೇಕು.

ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆಯ ಬದಲು ಮನೆಗೆಲಸ ಕೊಟ್ಟೆ: ನಿಮ್ಮೂರಿನ ಸಂಘದ ವಾರ್ಷಿಕ ವರದಿ ಸಿಕ್ಕರೆ ತನ್ನಿ, ಹತ್ತು ಅಂಕಿಗಳಿಗೆ ಹೆಸರು, ಯಾರದು, ಯಾವಾಗ, ಅಳತೆ ಎಂದು ಚೀಟಿ ಬರೆಯಿರಿ. ಒಂಬತ್ತು ಮಂದಿ ತಂದರು. ಪ್ರಶ್ನೆ ಕೇಳಿದ ಹುಡುಗಿಯ ಹತ್ತು ಚೀಟಿಗಳಲ್ಲಿ ಎಂಟು ತುಂಬಿದ್ದವು. ‘ಇತರೆ ಖರ್ಚು’ ಮತ್ತು ‘ಸಾಲಗಾರರು’ ಎಂಬ ಎರಡರ ಎದುರು ಹೆಸರಿನ ಜಾಗ ಖಾಲಿ ಬಿಟ್ಟು, ಕಾರ್ಯದರ್ಶಿಯವರನ್ನು ಅಪ್ಪ ಸಭೆಯಲ್ಲಿ ಕೇಳುತ್ತಾರೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಪೂರ್ಣ ಅಂಕ ಕೊಟ್ಟೆ.