ಕಾರ್ಡ್ ರಕ್ಷಣೆಗೆ ದುಡ್ಡು ಕಟ್ಟುವ ಮುನ್ನ

ಅಡಿಕೆ, ಕಾಫಿ ಮಾರಿದ ಹಣ ಈಗ ನೇರವಾಗಿ ಖಾತೆಗೇ ಬರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಮನೆಯಲ್ಲೂ ಎಟಿಎಂ ಕಾರ್ಡ್ ಇದೆ. ಅದರ ಬೆನ್ನಿಗೇ ‘ಕಾರ್ಡ್ ಪ್ರೊಟೆಕ್ಷನ್ ಪ್ಲಾನ್’ ಮಾರುವವರ ಕರೆಯೂ ಬರುತ್ತದೆ. ಕಾರ್ಡ್ ಕಳೆದರೆ ಒಂದೇ ಕರೆಗೆ ಎಲ್ಲ ಕಾರ್ಡ್ ಬ್ಲಾಕ್, ವಂಚನೆಯಾದರೆ ಇಂತಿಷ್ಟು ಲಕ್ಷದವರೆಗೆ ವಿಮೆ, ಪರಊರಿನಲ್ಲಿ ಸಿಕ್ಕಿಬಿದ್ದರೆ ತುರ್ತು ಹಣ ಎಂಬ ಭರವಸೆಗಳು ಅದರಲ್ಲಿರುತ್ತವೆ. ಶುಲ್ಕ ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಮೇಲೆ. ತೆಗೆದುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು, ಕಾನೂನು ನಮಗೆ ಪುಕ್ಕಟೆಯಾಗಿ ಕೊಟ್ಟಿರುವ ರಕ್ಷಣೆ ಎಷ್ಟೆಂದು ತಿಳಿದಿರಬೇಕು.

ಈಗಾಗಲೇ ಇರುವ ರಕ್ಷಣೆ

ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆಯಿಂದ ಹಣ ಹೋದರೆ ನಷ್ಟ ಯಾರು ಹೊರಬೇಕು ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಗ್ರಾಮೀಣ ಬ್ಯಾಂಕುಗಳೂ ಇದರ ವ್ಯಾಪ್ತಿಗೆ ಬಂದವು. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರ್ 14ರಂದು ಇಂಥದೇ ಸುತ್ತೋಲೆ ಹೊರಟಿತು. ಊರಿನ ಕೃಷಿ ಪತ್ತಿನ ಸಹಕಾರ ಸಂಘಗಳು ಮಾತ್ರ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿಲ್ಲ. ಆದ್ದರಿಂದ ಸೊಸೈಟಿಯ ಖಾತೆಗೆ ಈ ನಿಯಮ ಅನ್ವಯಿಸದು.

ನಿಯಮದ ಸಾರ ಇಷ್ಟು:

• ತಪ್ಪು ಅಥವಾ ನಿರ್ಲಕ್ಷ್ಯ ಬ್ಯಾಂಕಿನದಾದರೆ, ನೀವು ದೂರು ಕೊಡಲಿ ಬಿಡಲಿ, ನಿಮ್ಮ ಹೊಣೆ ಸೊನ್ನೆ.

• ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ಮೂರನೆಯವರ ಕೈವಾಡ ಎಂದಾದರೆ, 3 ಕೆಲಸದ ದಿನಗಳೊಳಗೆ ತಿಳಿಸಿದಾಗಲೂ ಹೊಣೆ ಸೊನ್ನೆ.

• ಅಂಥ ಪ್ರಕರಣದಲ್ಲಿ 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ನಷ್ಟಕ್ಕೆ ಮಿತಿಯಿದೆ. ಜನಧನದಂಥ ಮೂಲ ಉಳಿತಾಯ ಖಾತೆಗೆ ₹5,000, ಇತರ ಉಳಿತಾಯ ಖಾತೆಗೂ 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ ₹10,000, ಅದಕ್ಕಿಂತ ದೊಡ್ಡ ಕ್ರೆಡಿಟ್ ಕಾರ್ಡಿಗೆ ₹25,000.

• 7 ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ.

ದೂರು ತಲುಪಿದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥಪಡಿಸಬೇಕು. ತಪ್ಪು ಗ್ರಾಹಕರದ್ದೆಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ.

ದಿನದ ಲೆಕ್ಕ

ನಮ್ಮ ಭಾಗದವರು ಗಮನಿಸಲೇಬೇಕಾದ ಅಂಶವಿದು. ದಿನದ ಎಣಿಕೆ ಶುರುವಾಗುವುದು ಹಣ ಹೋದ ದಿನದಿಂದಲ್ಲ, ಬ್ಯಾಂಕಿನ ಮಾಹಿತಿ ನಿಮಗೆ ತಲುಪಿದ ದಿನದಿಂದ. ಆ ದಿನವನ್ನೂ ಬಿಟ್ಟು ಎಣಿಸಬೇಕು. ನಿಮ್ಮ ಶಾಖೆಯ ರಜಾದಿನಗಳು ಲೆಕ್ಕಕ್ಕಿಲ್ಲ. ಶುಕ್ರವಾರ ಸಂಜೆ ಮೆಸೇಜ್ ಬಂತೆನ್ನಿ, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸೋಮ, ಮಂಗಳ, ಬುಧ ನಿಮ್ಮ ಮೂರು ದಿನ.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದೆ ದಿನಗಟ್ಟಲೆ ಫೋನ್ ಸತ್ತಿರುವುದು ಮಲೆನಾಡಿನಲ್ಲಿ ಹೊಸತಲ್ಲ. ಮೆಸೇಜ್ ತಲುಪಿದ ದಿನ ಮತ್ತು ಸಮಯವನ್ನು ಬ್ಯಾಂಕಿನ ವ್ಯವಸ್ಥೆ ದಾಖಲಿಸಿಡಬೇಕೆಂದು 2017ರ ಅದೇ ಸುತ್ತೋಲೆ ಹೇಳಿದೆ. ‘ತಡವಾಗಿ ಬಂದಿರಿ’ ಎಂದು ಶಾಖೆಯವರು ಹೇಳಿದರೆ ಆ ದಾಖಲೆಯನ್ನು ಲಿಖಿತವಾಗಿ ಕೇಳಿ. ಫೋನಿನಲ್ಲಿರುವ ಮೆಸೇಜನ್ನು ಅಳಿಸಬೇಡಿ.

ಒಟಿಪಿ ಹೇಳಿಬಿಟ್ಟಿದ್ದರೆ?

ಪಿನ್, ಒಟಿಪಿ ನಾವೇ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ತಿಳಿಸಿದ ಮೇಲೆ ಹೋಗುವ ಪ್ರತಿ ರೂಪಾಯಿಯೂ ಬ್ಯಾಂಕಿನ ಹೊಣೆ. ಆದ್ದರಿಂದ ತಪ್ಪಾಯಿತೆಂದು ಅಂಜಿ ಕೂರಬಾರದು.

ವಂಚಕರ ಬಲೆಗೆ ಬಿದ್ದ ಮಾತ್ರಕ್ಕೆ ಎಲ್ಲವೂ ಗ್ರಾಹಕರ ತಪ್ಪು ಎಂದಾಗುವುದಿಲ್ಲ. ಅಸ್ಸಾಂನ ಗ್ರಾಹಕರೊಬ್ಬರು ಕಸ್ಟಮರ್ ಕೇರ್ ಹೆಸರಿನಲ್ಲಿ ಬಂದ ಕರೆ ನಂಬಿ ಮೊಬೈಲಿಗೆ ಆ್ಯಪ್ ಹಾಕಿಕೊಂಡು ₹94 ಸಾವಿರ ಕಳೆದುಕೊಂಡಿದ್ದರು. ಒಟಿಪಿ ಹಂಚಿಕೊಂಡಿಲ್ಲ ಎಂಬುದು ಅವರ ವಾದ. ಬ್ಯಾಂಕೇ ಹೊಣೆ ಎಂದು ಗುವಾಹಟಿ ಹೈಕೋರ್ಟ್ ಹೇಳಿತು. ಸ್ಟೇಟ್ ಬ್ಯಾಂಕ್ ಹೂಡಿದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜನವರಿ 3ರಂದು ವಜಾ ಮಾಡಿತು.

ಹಾಗಾದರೆ ಪ್ಲಾನ್ ಯಾರಿಗೆ?

ಬ್ರಿಟನ್ನಿನಲ್ಲಿ ಇದೇ ಪ್ಲಾನ್ ದೊಡ್ಡ ಹಗರಣವಾಯಿತು. ವಂಚನೆಯ ನಷ್ಟವನ್ನು ಬ್ಯಾಂಕೇ ಭರಿಸಬೇಕಿದ್ದರೂ, ಅದಕ್ಕೆ ಒಂದು ಲಕ್ಷ ಪೌಂಡಿನ ವಿಮೆ ಸಿಗುತ್ತದೆಂದು ಹೇಳಿ ಸಿಪಿಪಿ ಎಂಬ ಕಂಪನಿ ಜನರಿಂದ ಶುಲ್ಕ ಪಡೆದಿತ್ತು. 2012ರ ನವೆಂಬರಿನಲ್ಲಿ ಅದಕ್ಕೆ 1.05 ಕೋಟಿ ಪೌಂಡ್ ದಂಡ ಬಿತ್ತು. ಮರುವರ್ಷ ಕಂಪನಿಯೂ ಬ್ಯಾಂಕುಗಳೂ ಸೇರಿ 130 ಕೋಟಿ ಪೌಂಡಿನವರೆಗೆ ಗ್ರಾಹಕರಿಗೆ ಹಿಂದಿರುಗಿಸುವ ಯೋಜನೆ ಪ್ರಕಟವಾಯಿತು. ಕಾನೂನೇ ಕೊಟ್ಟಿರುವುದನ್ನು ಮತ್ತೆ ದುಡ್ಡು ಕೊಟ್ಟು ಕೊಳ್ಳಬಾರದು ಎಂಬುದೇ ಅದರ ಪಾಠ.

ಒಂದೆರಡು ಡೆಬಿಟ್ ಕಾರ್ಡ್ ಇರುವ ಕುಟುಂಬಕ್ಕೆ ಈ ಪ್ಲಾನ್ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕೈದು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡು ಆಗಾಗ ಹೊರದೇಶಕ್ಕೆ ಹೋಗುವವರಿಗೆ ತುರ್ತು ಹಣದ ಸೌಲಭ್ಯ ಉಪಯೋಗಕ್ಕೆ ಬರಬಹುದು. ಅಂಥವರೂ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಲಿ. ಒಟಿಪಿ ಹಂಚಿಕೊಂಡು ಆದ ನಷ್ಟಕ್ಕೆ ಪರಿಹಾರ ಉಂಟೇ? ವಿಮೆ ಕೊಡುವ ಕಂಪನಿ ಯಾವುದು? ತುರ್ತು ಹಣ ಸಾಲವೋ ಪರಿಹಾರವೋ? ಮುಂದಿನ ವರ್ಷ ಶುಲ್ಕ ತಾನಾಗಿಯೇ ಕಡಿತವಾಗುತ್ತದೆಯೇ?

ಕೇಳದೆ ಹಣ ಕಡಿತವಾಗಿದ್ದರೆ

ಪಾಸ್‌ಬುಕ್ ಎಂಟ್ರಿ ಮಾಡಿಸಿ ಸಾಲು ಸಾಲಾಗಿ ನೋಡಿ. ವರ್ಷಕ್ಕೊಮ್ಮೆ ₹20 ಹೋಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ₹436 ಜೀವನ್ ಜ್ಯೋತಿ ಬಿಮಾ ಇರಬಹುದು. ಇವು ಕಡಿಮೆ ಖರ್ಚಿನ ಒಳ್ಳೆಯ ವಿಮೆಗಳು. ಅವಸರದಲ್ಲಿ ನಿಲ್ಲಿಸಬೇಡಿ. ಸಾವಿರದ ಮೇಲಿನ ಅಪರಿಚಿತ ಕಡಿತ ಕಂಡರೆ, ನಾನು ಕೊಟ್ಟ ಒಪ್ಪಿಗೆಯ ಪ್ರತಿ ಕೊಡಿ ಎಂದು ಶಾಖೆಗೆ ಅರ್ಜಿ ಬರೆಯಿರಿ. ಕಾರ್ಡಿನ ಜೊತೆ ವಿಮೆ ಕೊಡುವುದಾದರೆ ಗ್ರಾಹಕರ ಸ್ಪಷ್ಟ ಒಪ್ಪಿಗೆಯನ್ನು ಬರಹದಲ್ಲಿ ಅಥವಾ ಡಿಜಿಟಲ್ ರೂಪದಲ್ಲಿ ಪಡೆಯಬೇಕೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಹೇಳುತ್ತದೆ. ಒಪ್ಪಿಗೆ ತೋರಿಸಲಾಗದಿದ್ದರೆ ಹಣ ವಾಪಸು ಕೇಳುವ ಹಕ್ಕು ನಿಮ್ಮದು.

ವಂಚನೆಯಾದರೆ ಕ್ರಮವಾಗಿ ಮಾಡಬೇಕಾದ್ದು

1. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

2. ತಕ್ಷಣ 1930ಕ್ಕೆ ಕರೆ ಮಾಡಿ. ಹಣ ವಂಚಕರ ಖಾತೆಯಲ್ಲಿ ಇನ್ನೂ ಇದ್ದರೆ ತಡೆಹಿಡಿಯಲು ಅವಕಾಶವಿದೆ. ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ.

3. ಶಾಖೆಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.

4. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ. ವಿವರಕ್ಕೆ 14448ಕ್ಕೆ ಕರೆ ಮಾಡಬಹುದು.

5. ಸೇವೆಯಲ್ಲಿ ಲೋಪವಾಗಿದ್ದರೆ 2 ವರ್ಷದೊಳಗೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ನೀವಿರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ.

ಅರ್ಜಿ ಬರೆಯಲು ತಿಳಿಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಕಾನೂನು ಸೇವೆಯ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು.

ಪ್ಲಾನಿಗೆ ಕಟ್ಟುವ ಹಣ ಉಳಿಸಿ ಈ ವಾರವೇ ಮೂರು ಕೆಲಸ ಮಾಡಿ. ಖಾತೆಯಲ್ಲಿ ಈಗ ಬಳಸುತ್ತಿರುವ ಮೊಬೈಲ್ ಸಂಖ್ಯೆಯೇ ಇದೆಯೇ ಎಂದು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಿ. ಬೇಕಿಲ್ಲದ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬಂದ್ ಮಾಡಿಸಿ, ದಿನದ ಮಿತಿ ತಗ್ಗಿಸಿ. ಬ್ಯಾಂಕಿನ ಬ್ಲಾಕ್ ಸಂಖ್ಯೆಯನ್ನೂ 1930 ಅನ್ನೂ ಮನೆಯ ಹಿರಿಯರಿಗೆ ಕಾಣುವಂತೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಬೇಗ ತಿಳಿಸಿದವರ ಪರ ಕಾನೂನು ನಿಲ್ಲುತ್ತದೆ. ಹಾಗೆ ತಿಳಿಸಲು ಖರ್ಚೇನೂ ಇಲ್ಲ.